ಅಲಮಾರಿಯಲ್ಲಿ ಉಳಿದ ನೋಟ್‌ಬುಕ್ಕುಗಳು: ವಿದ್ಯಾರ್ಥಿಗಳಿಗೆ ಒಳಿತು ಮಾಡುವ ಬಗೆ ಕಲಿಸಲು ಒಂದು ಮಾರ್ಗದರ್ಶಿ

ಒಂದು ವರ್ಷ ನನ್ನ ವಿದ್ಯಾರ್ಥಿಗಳು 300 ನೋಟ್‌ಬುಕ್ಕು ಕೂಡಿಸಿದರು. ಮನೆಮನೆ ಅಲೆದರು, ರಟ್ಟಿನ ಪೆಟ್ಟಿಗೆಗಳಿಗೆ ಬಣ್ಣದ ಕಾಗದ ಅಂಟಿಸಿದರು. ಒಂದು ಪ್ರಾಥಮಿಕ ಶಾಲೆಗೆ ಅವನ್ನು ಕೊಟ್ಟು, ಫೋಟೊ ತೆಗೆಸಿಕೊಂಡು ಬಂದೆವು. ಮರುವರ್ಷ ಬೇರೆ ಕೆಲಸಕ್ಕೆ ಅದೇ ಶಾಲೆಗೆ ಹೋದಾಗ ಮುಖ್ಯ ಶಿಕ್ಷಕಿ ಸೀಮೆಸುಣ್ಣ ತೆಗೆಯಲೆಂದು ಅಲಮಾರಿ ತೆರೆದರು. ಒಳಗೆ ನಮ್ಮ ಪೆಟ್ಟಿಗೆಗಳು, ಬಣ್ಣದ ಕಾಗದ ಸಮೇತ. ಅಲ್ಲಿನ ಮಕ್ಕಳು ಇನ್ನೂ ಅಕ್ಷರ ತಿದ್ದುವ ವಯಸ್ಸಿನವರು. ಅವರಿಗೆ ಬೇಕಾಗಿದ್ದುದು ನಾಲ್ಕು ಗೆರೆಯ ತೆಳು ಪುಸ್ತಕ. ನಾವು ಕೊಟ್ಟದ್ದು ಗೆರೆಯೇ ಇಲ್ಲದ 200 ಪುಟದ ದಪ್ಪ ಪುಸ್ತಕ. “ಅಷ್ಟು ಪ್ರೀತಿಯಿಂದ ಹೊತ್ತು ತಂದಿದ್ದಿರಿ ಸರ್, ಬೇಡ ಎನ್ನಲು ಬಾಯಿ ಬರಲಿಲ್ಲ” ಎಂದರು ಅವರು.

ಹಿಂದಿರುಗುವಾಗ ಜೊತೆಗಿದ್ದ ಹುಡುಗಿ ಕೇಳಿದಳು: “ಹಾಗಾದರೆ ನಾವು ಮಾಡಿದ್ದು ತಪ್ಪೇ ಸರ್?” ತಪ್ಪು ಅವಳದಲ್ಲ, ನನ್ನದು. ಕೊಡಬೇಕು ಎಂದು ಕಲಿಸಿದ್ದೆ. ಕೊಟ್ಟದ್ದು ಏನಾಯಿತು ಎಂದು ಹೋಗಿ ನೋಡುವುದನ್ನು ಕಲಿಸಿರಲಿಲ್ಲ. ಮೂರು ವಾರದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು.

ಅಲ್ಲಿಂದೀಚೆಗೆ ಹಲವು ತಂಡಗಳ ಜೊತೆ ಮಾಡಿ, ಕೆಡಿಸಿ, ತಿದ್ದಿಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಶಿಕ್ಷಕರಿಗೆ, ಕಾಲೇಜಿನ ಹಿರಿಯ ವಿದ್ಯಾರ್ಥಿಗಳಿಗೆ, ಸೇವಾ ಘಟಕ ನಡೆಸುವವರಿಗೆ ಇದು ನೇರವಾಗಿ ಬಳಕೆಗೆ ಬರಬಹುದು.

ಮೊದಲ ಹೆಜ್ಜೆ: ಸಣ್ಣ ಗುಂಪು, ಪ್ರಮಾಣಪತ್ರ ಇಲ್ಲ

ಎಂಟರಿಂದ ಹನ್ನೆರಡು ಜನ ಸಾಕು. ವಾರಕ್ಕೊಮ್ಮೆ ಒಂದೂವರೆ ಗಂಟೆ, ಎಂಟು ವಾರ. ಬರಲು ಒತ್ತಾಯ ಬೇಡ. ಅಂಕ, ಪದಕ, ಪ್ರಮಾಣಪತ್ರ ಯಾವುದೂ ಬೇಡ. ಪ್ರಮಾಣಪತ್ರ ಇದೆ ಎಂದರೆ ನಲವತ್ತು ಜನ ಬರುತ್ತಾರೆ, ಇಲ್ಲ ಎಂದರೆ ಒಂಬತ್ತು. ಆ ಒಂಬತ್ತು ಜನರನ್ನು ಹಿಡಿದುಕೊಳ್ಳಿ.

ಮೊದಲ ದಿನವೇ ಪ್ರತಿಯೊಬ್ಬರಿಗೂ ಒಂದು ಹಾಳೆ, ಒಂದು ಲಕೋಟೆ ಕೊಡಿ. “ನಿನ್ನ ಬಳಿ ಒಂದು ವರ್ಷದ ಬಿಡುವು, ಒಂದು ದೊಡ್ಡ ಮೊತ್ತ ಇದ್ದರೆ ಯಾರಿಗೆ, ಏನು ಮಾಡುವೆ? ಏಕೆ?” ಹತ್ತು ನಿಮಿಷದಲ್ಲಿ ಬರೆದು, ಲಕೋಟೆ ಅಂಟಿಸಿ, ಮೇಲೆ ಹೆಸರು ಹಾಕಲಿ. ನೀವು ಓದಬೇಡಿ, ಎತ್ತಿಡಿ. ಕೊನೆಯ ವಾರ ಬೇಕಾಗುತ್ತದೆ.

ಎರಡನೆಯ ಹೆಜ್ಜೆ: ಮನಸ್ಸಿಗೆ ಎಣಿಕೆ ಬಾರದು ಎಂದು ತೋರಿಸಿ

ಭಾಷಣದಿಂದ ಆರಂಭಿಸಬೇಡಿ. ಗುಂಪನ್ನು ಮೂರು ಮಾಡಿ, ಮೂವರಿಗೂ ಬೇರೆ ಬೇರೆ ಚೀಟಿ ಕೊಡಿ. ಎಣ್ಣೆ ನಿಂತ ಹೊಂಡಗಳಿಗೆ ಇಳಿದು ವಲಸೆ ಹಕ್ಕಿಗಳು ಸಾಯುತ್ತಿವೆ; ಬಲೆ ಹೊದಿಸಿದರೆ ಉಳಿಯುತ್ತವೆ; ಅದಕ್ಕೆ ನೀವು ಎಷ್ಟು ಕೊಡುವಿರಿ? ಇಷ್ಟೇ ಪ್ರಶ್ನೆ. ಒಂದು ಚೀಟಿಯಲ್ಲಿ ಸಾಯುವ ಹಕ್ಕಿಗಳು 2,000, ಇನ್ನೊಂದರಲ್ಲಿ 20,000, ಮತ್ತೊಂದರಲ್ಲಿ 2,00,000. ಬೇರೆಯವರ ಚೀಟಿಯಲ್ಲಿ ಏನಿದೆ ಎಂಬುದು ಯಾರಿಗೂ ತಿಳಿಯಬಾರದು.

1990ರ ದಶಕದ ಆರಂಭದಲ್ಲಿ ಅಮೆರಿಕದ ಸಂಶೋಧಕರು ಇದೇ ಪ್ರಶ್ನೆಯನ್ನು ಜನರ ಮುಂದಿಟ್ಟಿದ್ದರು. ಸರಾಸರಿ ಉತ್ತರ ಕ್ರಮವಾಗಿ 80, 78 ಮತ್ತು 88 ಡಾಲರ್. ಹಕ್ಕಿಗಳು ನೂರು ಪಟ್ಟು ಹೆಚ್ಚಿದರೂ ಕೈ ಬಿಚ್ಚಿದ್ದು ಎಂಟು ಡಾಲರ್ ಹೆಚ್ಚು. ಜನರ ಕಣ್ಣ ಮುಂದೆ ಬಂದದ್ದು ಎಣ್ಣೆಯಲ್ಲಿ ರೆಕ್ಕೆ ಅಂಟಿದ ಒಂದೇ ಒಂದು ಹಕ್ಕಿ, ಮನಸ್ಸು ಕರಗಿದ್ದು ಅದಕ್ಕೆ. ಸಂಖ್ಯೆ ಕಾಗದದ ಮೇಲೆಯೇ ಉಳಿಯಿತು.

ಹತ್ತು ಜನರ ಗುಂಪಿನಲ್ಲಿ ಅಂಕಿಗಳು ಇಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ. ಒಮ್ಮೆ ನನ್ನ ಗುಂಪಿನಲ್ಲಿ 2,000 ಹಕ್ಕಿಯ ಚೀಟಿ ಸಿಕ್ಕವರೇ ಎಲ್ಲರಿಗಿಂತ ಹೆಚ್ಚು ಕೊಟ್ಟಿದ್ದರು. ಆದದ್ದನ್ನು ಆದಂತೆ ಫಲಕದ ಮೇಲೆ ಬರೆಯಿರಿ, ಆಮೇಲೆ ಮೂಲ ಪ್ರಯೋಗದ ಅಂಕಿಗಳನ್ನು ಹೇಳಿ. ಇಲ್ಲಿ ಒಂದು ಎಚ್ಚರಿಕೆ: ಯಾರನ್ನೂ ನಗೆಗೀಡು ಮಾಡಬೇಡಿ. ಒಂದು ಹಕ್ಕಿಗೆ ಕರಗುವ ಮನಸ್ಸು ದೋಷವಲ್ಲ, ಅದೇ ನಮ್ಮ ಬಂಡವಾಳ. ಆ ಮನಸ್ಸಿಗೆ ಲೆಕ್ಕ ಬಾರದು, ಆದ್ದರಿಂದ ಪಕ್ಕದಲ್ಲಿ ಕಾಗದ ಪೆನ್ನು ಇರಲಿ ಎಂಬಷ್ಟು ಅವರಿಗೆ ಮನವರಿಕೆಯಾದರೆ ಆ ದಿನದ ಪಾಠ ಮುಗಿಯಿತು.

ಮೂರನೆಯ ಹೆಜ್ಜೆ: “ನಾವು ಇಲ್ಲದಿದ್ದರೆ ಏನಾಗುತ್ತಿತ್ತು?”

ಇಡೀ ಎಂಟು ವಾರಗಳಲ್ಲಿ ಒಂದೇ ಒಂದು ಪ್ರಶ್ನೆಯನ್ನು ಕಲಿಸಲು ಸಾಧ್ಯ ಎಂದರೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ. ಹಾಗಾಗಿ ಎರಡು ವಾರ ಇದಕ್ಕೇ ಮೀಸಲಿಡಿ. ಇದನ್ನು ಕಲಿಸಲು ನಾನು ಹೇಳುವುದು ಒಂದು ಕಥೆ, ನಡೆದ ಕಥೆ. ಅದನ್ನು ಅರ್ಧಕ್ಕೆ ನಿಲ್ಲಿಸುವುದರಲ್ಲೇ ಗುಟ್ಟಿದೆ.

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಎಂಬ ಅಕ್ಕಪಕ್ಕದ ಎರಡು ಪಟ್ಟಣಗಳು. ದಾರಿ ತಪ್ಪಬಹುದಾದ ಹುಡುಗರನ್ನು ಚಿಕ್ಕಂದಿನಲ್ಲೇ ಕೈಹಿಡಿದು ನಡೆಸಿದರೆ ಅವರು ಅಪರಾಧಕ್ಕೆ ಇಳಿಯುವುದಿಲ್ಲ ಎಂದು ರಿಚರ್ಡ್ ಕ್ಯಾಬಟ್ ಎಂಬ ವೈದ್ಯರು ನಂಬಿದ್ದರು. 1939ರಲ್ಲಿ ಕೆಲಸ ಆರಂಭವಾಯಿತು. 506 ಹುಡುಗರು. ಸಲಹೆಗಾರರು ಮನೆಗೆ ಬರುತ್ತಿದ್ದರು, ಪಾಠ ಹೇಳಿಕೊಡುತ್ತಿದ್ದರು, ಕಾಯಿಲೆ ಬಿದ್ದರೆ ವೈದ್ಯರ ಬಳಿ ಕಳಿಸುತ್ತಿದ್ದರು, ಬೇಸಿಗೆ ಶಿಬಿರಗಳಿಗೆ ಸೇರಿಸುತ್ತಿದ್ದರು. ಒಬ್ಬೊಬ್ಬ ಹುಡುಗನಿಗೆ ಸರಾಸರಿ ಐದು ವರ್ಷ ಇಂಥ ಆಸರೆ ಸಿಕ್ಕಿತು. ಮೂವತ್ತು ವರ್ಷಗಳ ಬಳಿಕ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಅದೇ ಹುಡುಗರನ್ನು, ಈಗ ನಡುವಯಸ್ಸಿನ ಗಂಡಸರನ್ನು, ಹುಡುಕಿ ಮಾತನಾಡಿಸಿದರು. ಮೂರರಲ್ಲಿ ಇಬ್ಬರು ಎಂದರು: ಹೌದು, ಅದರಿಂದ ನಮಗೆ ಒಳ್ಳೆಯದಾಯಿತು.

ಇಲ್ಲಿ ನಿಲ್ಲಿಸಿ. ಕೇಳಿ: ಈ ಯೋಜನೆ ಗೆದ್ದಿತೇ? ಕೈ ಎತ್ತಿಸಿ. ಸಾಮಾನ್ಯವಾಗಿ ಎಲ್ಲ ಕೈಗಳೂ ಮೇಲೇಳುತ್ತವೆ. ಇದನ್ನು ಇನ್ನೂ ಹತ್ತು ಕಡೆ ಮಾಡಬೇಕೇ ಎಂದು ಕೇಳಿದರೂ ಅಷ್ಟೇ ಕೈಗಳು.

ಈಗ ಉಳಿದರ್ಧ ಹೇಳಿ. ಆ 506 ಹುಡುಗರೆಲ್ಲರಿಗೂ ಸಹಾಯ ಸಿಕ್ಕಿರಲಿಲ್ಲ. ವಯಸ್ಸು, ಮನೆಯ ಸ್ಥಿತಿ, ಸ್ವಭಾವ ಇವು ಹೊಂದುವಂತೆ ಜೋಡಿ ಜೋಡಿಯಾಗಿ ಇಟ್ಟು, ಪ್ರತಿ ಜೋಡಿಯಲ್ಲಿ ಯಾರಿಗೆ ಸಹಾಯ ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದ್ದರು. ಹೀಗೆ ಹೊರಗುಳಿದ ಅರ್ಧ ಜನರ ಬದುಕನ್ನೂ ಮೆಕಾರ್ಡ್ ಪಕ್ಕದಲ್ಲಿಟ್ಟು ನೋಡಿದರು. 1978ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಸಹಾಯ ಪಡೆದವರು ಯಾವುದರಲ್ಲೂ ಮೇಲಿರಲಿಲ್ಲ. ಕೆಲವು ವಿಷಯಗಳಲ್ಲಿ ಕೆಳಗಿದ್ದರು: ಅಪರಾಧ ಮಾಡಿದವರಲ್ಲಿ ಮತ್ತೆ ಮಾಡಿದವರು ಹೆಚ್ಚು, ಕುಡಿತದ ಚಟದ ಲಕ್ಷಣಗಳು ಹೆಚ್ಚು, ಬೇಗ ತೀರಿಕೊಂಡವರೂ ಹೆಚ್ಚು.

ಕೋಣೆಯಲ್ಲಿ ಮೌನ ಆವರಿಸುತ್ತದೆ. ಆ ಮೌನವನ್ನು ಅವಸರದಲ್ಲಿ ಮುರಿಯಬೇಡಿ. ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: “ಮತ್ತೆ ಅವರೇ ಒಳ್ಳೆಯದಾಯಿತು ಎಂದರಲ್ಲ?” ಅಂದರು, ಸುಳ್ಳು ಹೇಳಲಿಲ್ಲ. ಆದರೆ ಸಲಹೆಗಾರರು ಬಾರದಿದ್ದರೆ ತನ್ನ ಬದುಕು ಹೇಗಿರುತ್ತಿತ್ತು ಎಂಬುದು ಅವರಲ್ಲಿ ಯಾರಿಗೂ ತಿಳಿಯಲು ಸಾಧ್ಯವಿರಲಿಲ್ಲ. ಅದನ್ನು ತಿಳಿಸಬಲ್ಲವನು ನಾಣ್ಯದ ಇನ್ನೊಂದು ಮಗ್ಗುಲಿಗೆ ಬಿದ್ದ ಹುಡುಗ ಮಾತ್ರ.

ಮುಂದಿನ ವಾರ ಇದಕ್ಕೆ ಎದುರಾದ ಕಥೆ ಹೇಳಲೇಬೇಕು, ಇಲ್ಲದಿದ್ದರೆ ಮಕ್ಕಳು ಸಿನಿಕರಾಗುತ್ತಾರೆ. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿ ಬಂದ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ವೈದ್ಯ ದಿಲೀಪ್ ಮಹಾಲನಬಿಸ್ ಅವರ ಬಳಿ ನರಕ್ಕೆ ಏರಿಸುವ ದ್ರವ ಮುಗಿಯುತ್ತಾ ಬಂದಿತ್ತು. ಅವರ ತಂಡ ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡಾಗಳನ್ನು ಅಳತೆಯಂತೆ ಪೊಟ್ಟಣ ಕಟ್ಟಿ, ನೀರಿನಲ್ಲಿ ಕಲಸಿ ಕುಡಿಸಿತು. ರೋಗಿಗಳ ಜೊತೆಗಿದ್ದ ಮನೆಯವರೇ ಕುಡಿಸಬಹುದಿತ್ತು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅಗ್ಗದ ಪೊಟ್ಟಣ ಗೆದ್ದಿತು, ಐದು ವರ್ಷದ ಅಕ್ಕರೆ ಸೋತಿತು. ಅಕ್ಕರೆ ಬೇಡ ಎಂದಲ್ಲ. ಯಾವುದು ಗೆಲ್ಲುತ್ತದೆ ಎಂದು ಹೊರಗಿನಿಂದ ನೋಡಿ ಊಹಿಸಲು ಆಗುವುದಿಲ್ಲ ಎಂಬುದಕ್ಕೆ ಈ ಎರಡು ಕಥೆಗಳನ್ನು ಜೋಡಿಯಾಗಿಯೇ ಹೇಳಿ.

ನಾಲ್ಕನೆಯ ಹೆಜ್ಜೆ: ಅಡ್ಡಿ ಎಲ್ಲಿದೆ ಎಂದು ಹುಡುಕಿಸಿ

ಯಾವ ಸಮಸ್ಯೆಗೆ ಕೈ ಹಾಕಬೇಕು ಎಂದು ಅಳೆಯಲು ಮೂರು ಪ್ರಶ್ನೆಗಳನ್ನು ಫಲಕದ ಮೇಲೆ ಬರೆಯಿರಿ. ಎಷ್ಟು ಜೀವಗಳಿಗೆ, ಎಷ್ಟು ಆಳವಾಗಿ ತಟ್ಟುತ್ತಿದೆ? ಈಗಾಗಲೇ ಎಷ್ಟು ಜನ ಅದರಲ್ಲಿ ತೊಡಗಿದ್ದಾರೆ? ನಾವು ಕೈ ಹಾಕಿದರೆ ಅಲುಗುತ್ತದೆಯೇ? ಎರಡನೆಯ ಪ್ರಶ್ನೆಯನ್ನು ಮಕ್ಕಳು ಸದಾ ಮರೆಯುತ್ತಾರೆ. ಎಲ್ಲರೂ ಓಡುವ ಕಡೆಗೇ ಓಡುವುದು ಸಹಜ. ನೂರನೆಯ ಕೈಗಿಂತ ಮೂರನೆಯ ಕೈಗೆ ಬೆಲೆ ಹೆಚ್ಚು.

ನಾಲ್ಕನೆಯ ಪ್ರಶ್ನೆಯೊಂದನ್ನು ನಾನೇ ಸೇರಿಸಿಕೊಂಡಿದ್ದೇನೆ: ನಿಜವಾದ ಅಡ್ಡಿ ಯಾವುದು? ಕೆನ್ಯಾದ ಗ್ರಾಮೀಣ ಶಾಲೆಗಳಿಗೆ ಪಠ್ಯಪುಸ್ತಕ ಹಂಚಿ, ಹಂಚದ ಶಾಲೆಗಳ ಜೊತೆ ಹೋಲಿಸಿ ನೋಡಿದವರಲ್ಲಿ ಮೈಕೆಲ್ ಕ್ರೆಮರ್ ಒಬ್ಬರು. ಇಂಥ ಪ್ರಯೋಗಗಳಿಗಾಗಿಯೇ ಅವರಿಗೂ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅವರಿಗೂ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಪುಸ್ತಕ ಸಿಕ್ಕ ಶಾಲೆಗಳಲ್ಲಿ ಸರಾಸರಿ ಅಂಕ ಏರಲಿಲ್ಲ. ಮೊದಲೇ ಮುಂದಿದ್ದ ಮಕ್ಕಳು ಮಾತ್ರ ಇನ್ನಷ್ಟು ಮುಂದೆ ಹೋದರು. ಏಕೆಂದರೆ ಪುಸ್ತಕ ಇಂಗ್ಲಿಷಿನಲ್ಲಿತ್ತು, ಹೆಚ್ಚಿನ ಮಕ್ಕಳಿಗೆ ಅದು ಮೂರನೆಯ ಭಾಷೆ. ಕೊರತೆ ಪುಸ್ತಕದ್ದಲ್ಲ, ಓದಲು ಬರುವುದರದ್ದು. ನಮ್ಮ ಗೆರೆಯಿಲ್ಲದ ನೋಟ್‌ಬುಕ್ಕಿನ ಕಥೆಯನ್ನು ನಾನು ಈ ಹಂತದಲ್ಲೇ ಹೇಳುವುದು. ನೊಬೆಲ್ ಪಡೆದವರ ಪಕ್ಕದಲ್ಲಿ ನಿಂತಾಗ ನಮ್ಮ ಪೆದ್ದುತನವೂ ಸ್ವಲ್ಪ ಗಂಭೀರವಾಗಿ ಕಾಣುತ್ತದೆ.

ಐದನೆಯ ಹೆಜ್ಜೆ: ಆಡಳಿತ ವೆಚ್ಚದ ಬಲೆಯಿಂದ ಬಿಡಿಸಿ

“ಆ ಸಂಸ್ಥೆ ನೂರರಲ್ಲಿ 95ನ್ನು ನೇರವಾಗಿ ಜನರಿಗೇ ತಲುಪಿಸುತ್ತದೆ” ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಫಲಕದ ಮೇಲೆ ಎರಡು ಕಾಲ್ಪನಿಕ ಸಂಸ್ಥೆ ಬರೆಯಿರಿ. ಎರಡರ ಖರ್ಚೂ ಒಂದೇ. ಮೊದಲನೆಯದು ನೂರರಲ್ಲಿ 5ನ್ನು ಮಾತ್ರ ಕಚೇರಿಗೆ ವ್ಯಯಿಸುತ್ತದೆ, ಅದರ ಕೆಲಸದಿಂದ 10 ಮಕ್ಕಳು ಓದಲು ಕಲಿತರು. ಎರಡನೆಯದು ತರಬೇತಿ, ಮೇಲ್ವಿಚಾರಣೆ, ಲೆಕ್ಕಪತ್ರಕ್ಕೆ 25 ವ್ಯಯಿಸುತ್ತದೆ, ಅಲ್ಲಿ 40 ಮಕ್ಕಳು ಕಲಿತರು. ಎಲ್ಲಿಗೆ ಕೊಡುವಿರಿ? ಅರ್ಧ ಗಂಟೆ ಸಾಕು, ಈ ಬಲೆ ಕಳಚುತ್ತದೆ.

ಆಮೇಲೆ ನಿಜವಾದ ಎರಡು ಸಂಸ್ಥೆಗಳ ವಾರ್ಷಿಕ ವರದಿ ಕೊಟ್ಟು, “ಇವರಿಂದ ಯಾರ ಬದುಕಿನಲ್ಲಿ ಏನು ಬದಲಾಯಿತು ಎಂಬುದು ಯಾವ ಪುಟದಲ್ಲಿದೆ?” ಎಂದು ಹುಡುಕಲು ಬಿಡಿ. ಇಷ್ಟು ಜನರಿಗೆ ಹಂಚಿದೆವು, ಇಷ್ಟು ಶಿಬಿರ ನಡೆಸಿದೆವು ಎಂಬುದು ಸಿಗುತ್ತದೆ. ಬದಲಾವಣೆ ಸಿಗುವುದು ಅಪರೂಪ. ಹೋಲ್ಡನ್ ಕಾರ್ನೋಫ್ಸ್ಕಿ, ಎಲಿ ಹ್ಯಾಸನ್‌ಫೆಲ್ಡ್ ಎಂಬ ಹಣಕಾಸು ಕ್ಷೇತ್ರದ ಇಬ್ಬರು ಯುವಕರು ತಮ್ಮ ದಾನ ಎಲ್ಲಿಗೆ ಕೊಡಲಿ ಎಂದು ಸಂಸ್ಥೆಗಳನ್ನು ಇದೇ ಪ್ರಶ್ನೆ ಕೇಳಿ, ತೃಪ್ತಿಕರ ಉತ್ತರ ಸಿಗದೆ, 2007ರಲ್ಲಿ ಕೆಲಸ ಬಿಟ್ಟು ಗಿವ್‌ವೆಲ್ ಎಂಬ ಪರಿಶೀಲನಾ ಸಂಸ್ಥೆಯನ್ನೇ ಕಟ್ಟಿದರು. ಅದರ ವರದಿಗಳು ಎಲ್ಲರಿಗೂ ತೆರೆದಿವೆ. ದೊಡ್ಡ ವಿದ್ಯಾರ್ಥಿಗಳಿಗೆ ಒಂದನ್ನು ಓದಲು ಕೊಡಿ. ಅದರಲ್ಲೂ ತಪ್ಪು ಹುಡುಕಲು ಹೇಳಿ.

ಆರನೆಯ ಹೆಜ್ಜೆ: ನಿಜವಾದ ಹಣ, ನಿಜವಾದ ತೀರ್ಮಾನ

ಹಣ ಸಣ್ಣದಿರಲಿ, ಆದರೆ ನಿಜವಾಗಿರಲಿ. ನೀವೇ ಕೊಡಿ ಅಥವಾ ಯಾರಿಂದಾದರೂ ಪಡೆಯಿರಿ, ಮಕ್ಕಳಿಂದ ಎತ್ತಬೇಡಿ. ಬೇರೆ ಬೇರೆ ಬಗೆಯ ಕೆಲಸ ಮಾಡುವ ಮೂರು ಸಂಸ್ಥೆಗಳ ಬಗ್ಗೆ ಒಂದೊಂದು ಪುಟದ ವಿವರ ಹಂಚಿ. ಮೊತ್ತ ಪೂರ್ತಿ ಒಂದಕ್ಕೇ ಹೋಗಬೇಕು, ಹಂಚುವಂತಿಲ್ಲ. ಈ ನಿಯಮವನ್ನು ಸಡಿಲಿಸಬೇಡಿ, ಸಡಿಲಿಸಿದರೆ ಎಲ್ಲರೂ ಮೂರು ಪಾಲು ಮಾಡಿ ಜಗಳ ತಪ್ಪಿಸಿಕೊಳ್ಳುತ್ತಾರೆ. ಮೊದಲು ಗುಪ್ತವಾಗಿ ಒಂದು ಮತ. ಬಳಿಕ ಒಂದು ಗಂಟೆ ಚರ್ಚೆ. ಮತ್ತೊಮ್ಮೆ ಮತ. ಗೆದ್ದ ಸಂಸ್ಥೆಗೆ ಅಲ್ಲೇ, ಎಲ್ಲರ ಎದುರಿಗೇ ಹಣ ಕಳಿಸಿ. ನಿಮಗೆ ಮತ ಇಲ್ಲ, ಹುಬ್ಬು ಏರಿಸುವ ಹಕ್ಕೂ ಇಲ್ಲ.

ಒಂದು ವರ್ಷ ನನ್ನ ಗುಂಪಿನಲ್ಲಿ ಬಾಯಿಯೇ ಬಿಡದ ಹುಡುಗನೊಬ್ಬ ಇದ್ದ. ಚರ್ಚೆ ಜೋರಾಗಿ, ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸುವ ಸಂಸ್ಥೆಯ ಕಡೆಗೆ ಬಹುಮತ ವಾಲಿತ್ತು. ಅವನು ಮೆಲ್ಲಗೆ ಕೇಳಿದ: “ಸರ್, ಈ ಹಾಳೆಯಲ್ಲಿ ಎಷ್ಟು ಜನಕ್ಕೆ ಮಾಡಿದರು ಎಂದಿದೆ. ಎಷ್ಟು ಜನಕ್ಕೆ ಆಮೇಲೆ ಕಣ್ಣು ಕಂಡಿತು ಎಂದು ಇಲ್ಲವಲ್ಲ?” ಹಾಳೆ ತಯಾರಿಸಿದ್ದು ನಾನೇ. ನನಗೇ ಹೊಳೆದಿರಲಿಲ್ಲ. ಆ ಸಂಸ್ಥೆಗೆ ಪತ್ರ ಬರೆದು ಕೇಳಿ, ಉತ್ತರ ಬಂದ ಮೇಲೆ ಮತ ಹಾಕಿದೆವು. ಹನ್ನೊಂದು ದಿನ ತಡವಾಯಿತು, ಉತ್ತರ ಚೆನ್ನಾಗಿಯೇ ಇತ್ತು, ಅದೇ ಸಂಸ್ಥೆಗೆ ಹಣ ಹೋಯಿತು.

ಏಳನೆಯ ಹೆಜ್ಜೆ: ಸಣ್ಣದೊಂದು ಕೆಲಸ, ಮೊದಲೂ ಆಮೇಲೂ ಅಳತೆ

ಇಲ್ಲಿಗೆ ಮಕ್ಕಳ ಕೈ ತುರಿಸುತ್ತಿರುತ್ತದೆ. ದೊಡ್ಡ ಯೋಜನೆಗೆ ಬಿಡಬೇಡಿ. ಆರಂಭಶೂರತ್ವ ಎರಡೇ ವಾರದಲ್ಲಿ ಇಳಿಯುತ್ತದೆ. ಕಿರಿಯ ತರಗತಿಯ ಮಕ್ಕಳಿಗೆ ಓದು ಕಲಿಸುವುದನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಮೊದಲು ಆ ಮಕ್ಕಳ ಶಿಕ್ಷಕರನ್ನು ಕೇಳಬೇಕು: ಇದು ಬೇಕೇ, ಯಾವ ಹೊತ್ತಿಗೆ, ಯಾರಿಗೆ? ಮನೆಯವರ ಒಪ್ಪಿಗೆ ಬೇಕು, ಮಕ್ಕಳ ಜೊತೆ ಸದಾ ಒಬ್ಬ ದೊಡ್ಡವರು ಇರಬೇಕು. ಬಳಿಕ ಪ್ರತಿ ಮಗುವಿಗೂ ಒಂದೇ ಪುಟ ಕೊಟ್ಟು, ಗಡಿಯಾರ ಹಿಡಿದು, ಒಂದು ನಿಮಿಷದಲ್ಲಿ ಎಷ್ಟು ಪದ ಸರಿಯಾಗಿ ಓದುತ್ತದೆ ಎಂದು ಬರೆದುಕೊಳ್ಳಿ. ಹೆಸರು ಚೀಟಿ ಎತ್ತಿ ಅರ್ಧ ಮಕ್ಕಳಿಗೆ ಈಗಲೇ ಪಾಠ, ಉಳಿದರ್ಧಕ್ಕೆ ಮೂರು ವಾರದ ಮೇಲೆ. ಯಾರಿಗೂ ಅನ್ಯಾಯವಿಲ್ಲ, ಸರದಿ ಅಷ್ಟೇ. ಮೂರನೆಯ ವಾರದ ಕೊನೆಗೆ ಎಲ್ಲರಿಗೂ ಮತ್ತೊಂದು ಪುಟ, ಮತ್ತೊಂದು ನಿಮಿಷ.

ಆರಂಭಕ್ಕೆ ಮುಂಚೆ ಒಂದು ಸಾಲು ಬರೆಸಿ, ಎಲ್ಲರಿಂದ ಸಹಿ ಹಾಕಿಸಿ: “ಇಂಥದ್ದು ಕಾಣದಿದ್ದರೆ ನಾವು ಇದನ್ನು ನಿಲ್ಲಿಸುತ್ತೇವೆ.” ಕೆಲಸ ಶುರುವಾದ ಮೇಲೆ ಈ ಸಾಲು ಬರೆಯಲು ಯಾರಿಂದಲೂ ಆಗುವುದಿಲ್ಲ, ನನ್ನಿಂದಲೂ ಆಗಿಲ್ಲ. ಇಪ್ಪತ್ತು ಮಕ್ಕಳ ಅಳತೆಯಿಂದ ಜಗತ್ತಿಗೆ ಯಾವ ಸತ್ಯವೂ ಸಾಬೀತಾಗುವುದಿಲ್ಲ ಎಂಬುದನ್ನೂ ಹೇಳಿ. ಪಾಠ ಸಿಗದ ಮಕ್ಕಳೂ ಮೂರು ವಾರದಲ್ಲಿ ಅಷ್ಟೋ ಇಷ್ಟೋ ಮುಂದೆ ಬಂದಿರುವುದನ್ನು ಕಣ್ಣಾರೆ ನೋಡಿದಾಗ, ಕೇಂಬ್ರಿಜ್-ಸಾಮರ್‌ವಿಲ್ ಕಥೆ ಅವರಿಗೆ ಎರಡನೆಯ ಸಲ ಅರ್ಥವಾಗುತ್ತದೆ.

ಅಂದಹಾಗೆ, ನೋಟ್‌ಬುಕ್ಕಿನ ಶಾಲೆಗೆ ನಾವು ಮರಳಿ ಹೋದೆವು, ಬರಿಗೈಯಲ್ಲಿ. ಏನು ಬೇಕು ಎಂದು ಕೇಳಿದ್ದಕ್ಕೆ ಮುಖ್ಯ ಶಿಕ್ಷಕಿ ಸ್ವಲ್ಪ ಹೊತ್ತು ಯೋಚಿಸಿ, ಹಿಂದಿನ ಬೆಂಚಿನ ಆರು ಮಕ್ಕಳಿಗೆ ಫಲಕ ಕಾಣಿಸುತ್ತಿಲ್ಲ ಅನ್ನಿಸುತ್ತದೆ, ಕಣ್ಣು ಪರೀಕ್ಷೆ ಮಾಡಿಸಬಹುದೇ ಎಂದರು. ನಾಲ್ವರಿಗೆ ಕನ್ನಡಕ ಬೇಕಾಯಿತು. ಗೆರೆಯಿಲ್ಲದ ಪುಸ್ತಕಗಳು ಚಿತ್ರ ಬಿಡಿಸಲು ಹೋದವು.

ಎಣಿಕೆಗೆ ಸಿಗದ ಒಳಿತು

ಇಷ್ಟೆಲ್ಲ ಅಳತೆ ಕಲಿತ ಮಕ್ಕಳು ಅಳೆಯಲಾಗದ್ದನ್ನೆಲ್ಲ ತಳ್ಳಿಹಾಕಲು ಶುರುಮಾಡುತ್ತಾರೆ. ಆಗ ಥಾಮಸ್ ಕ್ಲಾರ್ಕ್‌ಸನ್ ಕಥೆ ಹೇಳಿ. 1785ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಒಂದು ಲ್ಯಾಟಿನ್ ಪ್ರಬಂಧ ಸ್ಪರ್ಧೆ: ಇನ್ನೊಬ್ಬರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಗುಲಾಮರನ್ನಾಗಿ ಮಾಡುವುದು ನ್ಯಾಯವೇ? ಕ್ಲಾರ್ಕ್‌ಸನ್ ಬರೆದದ್ದು ಬಹುಮಾನದ ಆಸೆಗೆ. ಬಹುಮಾನ ಬಂತು, ಆದರೆ ಓದಿದ್ದು ತಲೆಯಿಂದ ಹೋಗಲಿಲ್ಲ. ಕುದುರೆಯ ಮೇಲೆ ಲಂಡನ್ನಿಗೆ ಹೋಗುತ್ತಾ ದಾರಿಯಲ್ಲಿ ಇಳಿದು ಕುಳಿತು, ಇದೆಲ್ಲ ನಿಜವಾದರೆ ಯಾರಾದರೂ ಇದಕ್ಕೆ ಕೊನೆ ಹಾಡಲೇಬೇಕಲ್ಲ ಎಂದುಕೊಂಡ. 1787ರಲ್ಲಿ ಹನ್ನೆರಡು ಜನರ ಸಮಿತಿ ರಚನೆಯಾಯಿತು, 1807ರಲ್ಲಿ ಬ್ರಿಟನ್ನಿನ ಸಂಸತ್ತು ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. ಈ ಕೆಲಸಕ್ಕೆ ಹೋಲಿಕೆಯ ಗುಂಪು ಇರಲು ಸಾಧ್ಯವೇ ಇರಲಿಲ್ಲ. ಹಾಗೆಂದು ಕ್ಲಾರ್ಕ್‌ಸನ್ ಬರಿಯ ಆವೇಶದಿಂದ ನಡೆದವನಲ್ಲ: ಬಂದರು ಬಂದರು ಸುತ್ತಿ ನಾವಿಕರ ಹೇಳಿಕೆ ಬರೆದುಕೊಂಡ, ಕೈಕೋಳ ಕಾಲುಸಂಕೋಲೆಗಳನ್ನು ಅಂಗಡಿಯಲ್ಲೇ ಕೊಂಡು ತಂದು ಜನರಿಗೆ ತೋರಿಸಿದ, ಹಡಗುಗಳ ಹಾಜರಿ ಪಟ್ಟಿ ತೆಗೆಸಿ ಎಷ್ಟು ನಾವಿಕರು ಸತ್ತರೆಂದು ಎಣಿಸಿದ. ಬಹುಮಾನದ ಆಸೆಗೆ ಬಂದವರ ಬಗ್ಗೆ ನಾನು ಮೊದಲ ಹೆಜ್ಜೆಯಲ್ಲಿ ಆಡಿದ ಮಾತನ್ನು ಸ್ವಲ್ಪ ಹಿಂತೆಗೆದುಕೊಳ್ಳಬೇಕೇನೋ.

ನೀವು ಮಾಡಬಾರದ ಎರಡು ಕೆಲಸ

ಒಂದು, ಅಪರಾಧಿ ಭಾವ ಹುಟ್ಟಿಸುವುದು. ವಾರಕ್ಕೊಮ್ಮೆ ವೃದ್ಧಾಶ್ರಮಕ್ಕೆ ಹೋಗಿ ಹಾಡುತ್ತಿದ್ದ ಹುಡುಗನಿಗೆ ನಾನೊಮ್ಮೆ “ಅದರಿಂದ ಅಳೆಯಬಹುದಾದ ಫಲ ಏನು?” ಎಂದು ಕೇಳಿಬಿಟ್ಟೆ. ಜಾಣತನದ ಪ್ರಶ್ನೆ ಎಂದುಕೊಂಡಿದ್ದೆ. ಅವನು ಹೋಗುವುದನ್ನೇ ನಿಲ್ಲಿಸಿದ, ಬದಲಿಗೆ ಬೇರೇನನ್ನೂ ಆರಂಭಿಸಲಿಲ್ಲ. ನನ್ನ ಪ್ರಶ್ನೆ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬ ಲೆಕ್ಕ ನನಗೆ ಚೆನ್ನಾಗಿ ಗೊತ್ತು. ಇನ್ನೊಂದು, ಉತ್ತರವನ್ನು ನೀವೇ ಕೈಗಿಡುವುದು. ಮನುಷ್ಯರ ನೋವೋ ಪ್ರಾಣಿಗಳದ್ದೋ, ಇಂದಿನವರೋ ಮುಂದೆ ಹುಟ್ಟುವವರೋ ಎಂಬಲ್ಲಿ ಒಳ್ಳೆಯ ಮನಸ್ಸಿನವರೂ ಬೇರೆ ಬೇರೆ ಕಡೆ ನಿಲ್ಲುತ್ತಾರೆ, ನಿಲ್ಲಲಿ.

ಕೊನೆಯ ವಾರ: 80,000 ಗಂಟೆ ಮತ್ತು ಲಕೋಟೆ

ಒಂದು ಗುಣಾಕಾರ ಮಾಡಿಸಿ: ವಾರಕ್ಕೆ 40 ಗಂಟೆ, ವರ್ಷಕ್ಕೆ 50 ವಾರ, 40 ವರ್ಷ. ಒಬ್ಬ ಮನುಷ್ಯನ ದುಡಿಮೆಯ ಆಯುಸ್ಸು ಸುಮಾರು 80,000 ಗಂಟೆ. 2011ರಲ್ಲಿ ಆಕ್ಸ್‌ಫರ್ಡಿನಲ್ಲಿ ಆರಂಭವಾದ, ಉದ್ಯೋಗದ ಆಯ್ಕೆಗೆ ಸಲಹೆ ನೀಡುವ ಒಂದು ಸಂಸ್ಥೆ ಈ ಸಂಖ್ಯೆಯನ್ನೇ ಹೆಸರಾಗಿಸಿಕೊಂಡಿದೆ. ವಿದ್ಯಾರ್ಥಿಯ ಜೇಬಿನಲ್ಲಿ ಹಣವಿಲ್ಲ, ಈ ಗಂಟೆಗಳಿವೆ. ಯಾವ ಉದ್ಯೋಗ ಎಂದು ಹೇಳಲು ಹೋಗಬೇಡಿ. ಮುಂದಿನ ಒಂದು ವರ್ಷದಲ್ಲಿ ತನ್ನ ಆಯ್ಕೆಯನ್ನು ಪರೀಕ್ಷಿಸಿ ನೋಡಲು ಅಗ್ಗದ ದಾರಿ ಯಾವುದು ಎಂದು ಪ್ರತಿಯೊಬ್ಬರೂ ಒಂದು ಸಾಲು ಬರೆಯಲಿ. ಒಂದು ತಿಂಗಳ ತರಬೇತಿ, ಆ ಕೆಲಸದಲ್ಲಿರುವವರ ಜೊತೆ ಒಂದು ಗಂಟೆಯ ಮಾತು, ಏನಾದರೂ ಸರಿ.

ಬಳಿಕ ಮೊದಲ ದಿನದ ಲಕೋಟೆಗಳನ್ನು ಹಿಂದಿರುಗಿಸಿ. ಗಟ್ಟಿಯಾಗಿ ಓದಿಸಬೇಡಿ, ಅವರವರೇ ಓದಿಕೊಳ್ಳಲಿ. ನಗುವವರಿದ್ದಾರೆ, ಮಡಚಿ ಜೇಬಿಗಿಳಿಸುವವರಿದ್ದಾರೆ. ಕಳೆದ ಬಾರಿ ಒಬ್ಬಳು ತನ್ನ ಹಾಳೆಯನ್ನು ಎರಡು ಸಲ ಓದಿ, ಕೊನೆಯ ಸಾಲಿನ ಕೆಳಗೆ ಪೆನ್ಸಿಲಿನಿಂದ ಏನನ್ನೋ ಬರೆದು, ಮತ್ತೆ ಲಕೋಟೆಗೆ ಹಾಕಿ ನನ್ನ ಕೈಗೆ ಕೊಟ್ಟಳು. “ಇದನ್ನು ಇನ್ನೊಂದು ವರ್ಷ ಇಟ್ಟಿರಿ ಸರ್” ಎಂದಳು. ಲಕೋಟೆ ನನ್ನ ಮೇಜಿನ ಖಾನೆಯಲ್ಲಿದೆ.